ಬಚ್ಚಲ ಮೋರಿಯಿಂದ ಬಂದ ನಾಗಪ್ಪ

ಯಗಟಿ
ಭಾನುವಾರ

ಚಿ. ಪುಟ್ಟನಿಗೆ,

ನಿನ್ನ ಮೆಸೇಜು ಓದಿದೆ. ಶನಿವಾರ ಬಟ್ಟೆ ಒಗೆದದ್ದಾಯ್ತು, ಭಾನುವಾರ ರೂಮು ಗುಡಿಸಿ ಒರೆಸಿ ಪಾತ್ರೆ ತೊಳೆಯೋದ್ರಲ್ಲಿ ರಜೆಯೇ ಮುಗಿದುಹೋಯ್ತು ಅಂತ ಗೋಳಾಡಿದ್ದೀಯ. ಅದರ ಕೆಳಗೇ, ಪಾತ್ರೆ ತೊಳೆಯುತ್ತ ಮೊಬೈಲಿನಲ್ಲಿ ‘ನಾಗಮಂಡಲ’ ನೋಡಿದೆ, ಹಾವು ಗಂಡಸಾಗೋದನ್ನ ಈಗಿನ ಗ್ರಾಫಿಕ್ಸಿನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅಂತಲೂ ಬರೆದಿದ್ದೀಯ. ಎರಡಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಅಜ್ಜಿ’ ಅನ್ನುತ್ತಲೇ ಬೇರೇನೋ ನೋಡುತ್ತಿರುತ್ತೀಯ.

ನಮ್ಮ ಕಡೂರು ಸೀಮೆಯ ಈ ಮಗ್ಗುಲಲ್ಲಿ ತೆಂಗಿರುವ ಮನೆಗೆ ಭಾನುವಾರ ಅನ್ನೋದೇ ಇಲ್ಲ, ನಿನಗೆ ಗೊತ್ತು. ಇವತ್ತು ಅಟ್ಟದ ಕೆಲಸ ಹಿಡಿದಿದ್ದೆವು. ಕಾಯಿ ಅಟ್ಟ ಸೇರಿ ವರ್ಷವಾಗುತ್ತ ಬಂದರೆ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಅಂದರೆ ಆಯಿತು, ಈ ಕಡೆ ಹಾಕು. ಗುಳುಗುಳು ಅಂದರೆ ಇನ್ನೂ ನೀರಿದೆ, ಹಾಗೇ ಬಿಡು. ಮೂಸಿದಾಗ ಕಮಟು ವಾಸನೆ ಬಂದರೆ ಕೆಟ್ಟದ್ದು, ಕೆಳಗೆ ಎಸಿ. ನಿಮ್ಮಪ್ಪ ಅಟ್ಟದ ಮೂಲೆಯಲ್ಲಿ ಕೈ ಆಡಿಸುತ್ತ ಇದ್ದಕ್ಕಿದ್ದ ಹಾಗೆ ಸುಮ್ಮನಾದ. ಏನೋ ಅಂದರೆ ಒಂದು ಪೊರೆ ಎತ್ತಿ ತೋರಿಸಿದ. ಮಾರುದ್ದ ಇತ್ತು, ಕಣ್ಣಿನ ಗುರುತೂ ಹಾಗೇ ಇತ್ತು. ಕೇರೆಹಾವಿಂದೇ ಇರಬೇಕು. ಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಅದು. ಎಲ್ಲಿಂದ ಬಂತು ಅಂತ ಹುಡುಕಿದರೆ ಬಚ್ಚಲ ಮೋರಿಗೆ ಹಾಕಿದ್ದ ಜಾಲರಿ ತುಕ್ಕು ಹಿಡಿದು ಕಿತ್ತುಹೋಗಿತ್ತು. ಮಧ್ಯಾಹ್ನವೇ ಹೊಸದು ಬಡಿಸಿದೆ.

ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ನಾಗಪ್ಪ ಮನೆಯೊಳಕ್ಕೆ ಬರುವುದೂ ಬಚ್ಚಲ ಮೋರಿಯಿಂದಲೇ. ಎಂಥ ಮಾಯಾವಿಯಾದರೂ ಗೋಡೆ ಹಾದು ಬರಲಿಲ್ಲ, ನೋಡು. ಗಂಡ ಹೊರಗಿನಿಂದ ಬೀಗ ಜಡಿದು ಹೋಗಿದ್ದಾನೆ, ತೆರೆದಿರೋದು ಅದೊಂದೇ ದಾರಿ. ಮೋರಿ ತೊಳೆದು ಗೊತ್ತಿದ್ದವರ ಬಾಯಿಂದ ಬಂದ ಕಥೆ ಅದು. ಎ. ಕೆ. ರಾಮಾನುಜನ್ ಅವರು ಹೇಳಿದ ಎರಡು ಜನಪದ ಕಥೆಗಳನ್ನು ಹಿಡಿದು ಕಾರ್ನಾಡರು 1988ರಲ್ಲಿ ಈ ನಾಟಕ ಕಟ್ಟಿದರು. ಇಂಥ ಕಥೆಗಳನ್ನು ಮನೆಯ ಹಿರಿಯ ಹೆಂಗಸರು ಸಂಜೆ ಅಡುಗೆಮನೆಯಲ್ಲಿ ಮಕ್ಕಳಿಗೆ ಉಣ್ಣಿಸುತ್ತ ಹೇಳುತ್ತಿದ್ದರು, ಅಲ್ಲಿ ಕೂತು ಕೇಳುವ ದೊಡ್ಡವರೂ ಹೆಂಗಸರೇ ಅಂತ ಕಾರ್ನಾಡರೇ ಬರೆದಿದ್ದಾರೆ. ಮಗುವಿಗೆ ಅಂತ ಶುರುವಾದ ಕಥೆ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಸೊಸೆಗೆ ತಲುಪುತ್ತಿತ್ತು. ನಮ್ಮ ಅತ್ತೆಯೂ ಹಾಗೆ ಹೇಳಿದವರೇ. ನನಗೆ ಅಂತ ನೇರವಾಗಿ ಒಂದು ಕಥೆಯನ್ನೂ ಹೇಳಲಿಲ್ಲ.

ಈಗ ನಾಟಕದ ಹುಡುಗಿ ರಾಣಿಯ ಮನೆ ನೋಡು. ಗಂಡ ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಉಣ್ಣುತ್ತಾನೆ, ಕೈ ತೊಳೆದು ಬೀಗ ಹಾಕಿಕೊಂಡು ಹೋಗುತ್ತಾನೆ. ಗಂಡ ಒಲಿಯಲಿ ಅಂತ ಮುದುಕಿ ಕುರುಡವ್ವ ಕೊಟ್ಟ ಬೇರನ್ನು ಅರೆದು ಅಡುಗೆಗೆ ಬೆರೆಸಿದರೆ ಪಾತ್ರೆಯಲ್ಲಿದ್ದದ್ದು ರಕ್ತದ ಹಾಗೆ ಕೆಂಪಾಯಿತು. ಹೆದರಿದ ಹುಡುಗಿ ಅದನ್ನು ಅವನ ಕಣ್ಣಿಗೆ ಬೀಳದ ಹಾಗೆ ಚೆಲ್ಲಬೇಕು. ಚೆಲ್ಲಿದ್ದು ಹುತ್ತಕ್ಕೆ, ಒಲಿದದ್ದು ಅದರೊಳಗಿನ ನಾಗಪ್ಪ. ಬೇರು ಅರೆದಳು, ಬೆರೆಸಿದಳು, ಚೆಲ್ಲಿದಳು. ಎಲ್ಲ ಅಡುಗೆಮನೆ ಕೆಲಸವೇ. ಮಂತ್ರವಾದಿ, ಹೋಮ, ಹೊಗೆ ಯಾವುದೂ ಬೇಕಾಗಲಿಲ್ಲ.

1997ರಲ್ಲಿ ಟಿ. ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದಾಗ ನನಗೆ ಇದ್ದ ಅಂಜಿಕೆ ಇಷ್ಟೇ: ನಾಟಕದಲ್ಲಿ ನಾವು ನಂಬಿಕೊಂಡು ಕೂತಿರುತ್ತೇವೆ, ಕ್ಯಾಮರಾ ಮುಖದ ಹತ್ತಿರ ಹೋದರೆ ಏನು ಗತಿ? ಪ್ರಕಾಶ್ ರೈ ಗಂಡನೂ ಆದರು, ರಾತ್ರಿ ಗಂಡನ ರೂಪದಲ್ಲಿ ಬರುವ ನಾಗಪ್ಪನೂ ಆದರು. ಹಗಲಿನವನ ಬಿರುಸೇ ಬೇರೆ, ರಾತ್ರಿಯವನ ಮೆದುವೇ ಬೇರೆ. ಅಷ್ಟು ಸಾಕಾಯಿತು. ನೀನು ಕೇಳುವ ಗ್ರಾಫಿಕ್ಸ್ ಇದ್ದಿದ್ದರೆ ನಾವೆಲ್ಲ ಹೆಡೆ ನೋಡುತ್ತ ಕೂತಿರುತ್ತಿದ್ದೆವು, ರಾಣಿಯಾದ ವಿಜಯಲಕ್ಷ್ಮಿಯ ಮುಖ ಯಾರು ನೋಡುತ್ತಿದ್ದರು? ರಾತ್ರಿ ಬರುವವನು ಅವಳ ಅಪ್ಪ ಅಮ್ಮನ ಸುದ್ದಿ ಕೇಳುತ್ತಾನೆ. ಹಾವು ಗಂಡಸಾದದ್ದು ಹಾಗಿರಲಿ, ಆ ಮನೆಯಲ್ಲಿ ಮಾತಾಡಿಸುವ ಗಂಡಸೊಬ್ಬ ಸಿಕ್ಕನಲ್ಲ, ದೊಡ್ಡ ಪವಾಡ ಅದು. ಸಿ. ಅಶ್ವತ್ಥರ ಸಂಗೀತದ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಆಗ ನಲ್ಲಿ ಜೋರಾಗಿ ಬಿಟ್ಟಿದ್ದೆಯೇನೋ.

ರಾಜಸ್ಥಾನದ ವಿಜಯದಾನ್ ದೇಥಾ ಬರೆದ ಕಥೆಯಲ್ಲೂ ದೆವ್ವವೊಂದು ಗಂಡನ ರೂಪದಲ್ಲಿ ಬರುತ್ತದೆ. 1973ರಲ್ಲಿ ಮಣಿ ಕೌಲ್ ಅದನ್ನು ‘ದುವಿಧಾ’ ಮಾಡಿದರು, 2005ರಲ್ಲಿ ಅಮೋಲ್ ಪಾಲೇಕರ್ ‘ಪಹೇಲಿ’. ಶಾರುಖ್ ಖಾನ್ ಇದ್ದದ್ದಕ್ಕೆ ನೀವೆಲ್ಲ ‘ಪಹೇಲಿ’ಯನ್ನೇ ಬಲ್ಲಿರಿ. ಚೆಂದದ ಸಿನಿಮಾ, ಆದರೆ ಆ ಮನೆಯಲ್ಲಿ ಮುಸುರೆ ತಿಕ್ಕುವವರು ಯಾರು ಅಂತ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಂಥ ಪವಾಡದ ಬೇರು ಮನೆಗೆಲಸದಲ್ಲೇ ಇದೆ ಅನ್ನುವ ನನ್ನ ಮಾತು ನಿನಗೆ ಅತಿ ಅನ್ನಿಸಿದರೆ ‘ಚೆಲುವಿ’ ನೋಡು. 1992ರಲ್ಲಿ ಕಾರ್ನಾಡರೇ ನಿರ್ದೇಶಿಸಿದ್ದು, ಸೋನಾಲಿ ಕುಲಕರ್ಣಿಯ ಮೊದಲ ಚಿತ್ರ. ನಮ್ಮ ಕನ್ನಡದ ಅಜ್ಜಿಯರ ಕಥೆ ಹಿಂದಿಯಲ್ಲಿ ಬಂತಲ್ಲ ಅನ್ನುವ ಸಿಟ್ಟು ನನಗೆ ಈಗಲೂ ಇದೆ, ಇರಲಿ. ಹುಡುಗಿಯೊಬ್ಬಳು ಹೂವಿನ ಮರವಾಗುವ ಕಥೆ ಅದು. ರಾಮಾನುಜನ್ ಸಂಗ್ರಹದಲ್ಲಿರುವ ರೂಪದಲ್ಲಿ ಎರಡು ಕೊಡ ನೀರು ಬೇಕು, ಉಗುರು ಸೋಕಿರಬಾರದು. ಜಾಗ ಗುಡಿಸಿ ಸಾರಿಸಿರಬೇಕು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂವು ಕೀಳುವಾಗ ಎಲೆ ಹರಿಯಬಾರದು, ರೆಂಬೆ ಮುರಿಯಬಾರದು. ಅಕ್ಕ ಮಾಡಿದಾಗ ಎಲ್ಲ ಸರಿಯಾಗುತ್ತದೆ. ಗಂಡನ ಮನೆಯ ಹುಡುಗಿಯರು ಆಟಕ್ಕೆ ಅಂತ ಮಾಡಿ, ರೆಂಬೆ ಮುರಿದು, ನೀರನ್ನು ಹೇಗೆ ಹೇಗೋ ಚೆಲ್ಲಿ ಹೋಗುತ್ತಾರೆ. ಮರ ಹುಡುಗಿಯಾಗುವಾಗ ಕೈಕಾಲೇ ಇರುವುದಿಲ್ಲ. ರಾಕ್ಷಸ ಬಂದು ಮಾಡಿದ ಅನಾಹುತವಲ್ಲ ಇದು, ಅರ್ಧಂಬರ್ಧ ಕೆಲಸದ ಫಲ. ಪರಿಸರದ ಬಗೆಗಿನ ಚಿತ್ರ ಅಂತ ಅದಕ್ಕೆ ರಾಷ್ಟ್ರಪ್ರಶಸ್ತಿ ಕೊಟ್ಟರು, ಕೊಟ್ಟದ್ದು ಸರಿಯೇ. ನನಗೆ ಮಾತ್ರ ಅದು ಮೊದಲು ನೀರು ಹೊರುವವರ ಸಿನಿಮಾ. ಇದೇ ಕಥೆಯನ್ನು ಅಮೆರಿಕದ ಜಾನ್ ಆಡಮ್ಸ್ ಆಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದರು, ಮೊಜಾರ್ಟ್ ಹುಟ್ಟಿ 250 ವರ್ಷವಾದ ಸಂಭ್ರಮದಲ್ಲಿ. ಅಲ್ಲಿಯವರಿಗೆ ಉಗುರು ಸೋಕದ ಹಾಗೆ ಕೊಡ ಹೊರುವುದು ಹೇಗೆ ತಿಳಿಯಿತೋ!

ನೀನು ಎಂದಾದರೂ ಇಂಥ ಸಿನಿಮಾ ತೆಗೆಯುತ್ತೇನೆ ಅಂತೀಯಲ್ಲ, ಆಗ ಕಂಪ್ಯೂಟರಿನವರನ್ನು ಆಮೇಲೆ ಕರೆಸು. ಮೊದಲು ಆ ಮನೆಯ ಒಲೆಗೆ ಏನು ಉರಿಸುತ್ತಾರೆ, ನೀರು ಎಷ್ಟು ದೂರದಿಂದ ಬರುತ್ತದೆ, ಬೂದಿ ಎಲ್ಲಿ ಹಾಕುತ್ತಾರೆ, ಇದನ್ನು ಬರೆದಿಟ್ಟುಕೋ. ನೀನು ತೊಳೆದ ಪಾತ್ರೆಯ ತಳದಲ್ಲಿ ಜಿಡ್ಡು ಉಳಿದಿರುತ್ತದೆ ಅಂತ ನಿನ್ನ ರೂಮಿನವನು ನಿಮ್ಮಪ್ಪನ ಹತ್ತಿರ ಹೇಳಿದನಂತೆ. ಅದನ್ನೂ ಸ್ವಲ್ಪ ನೋಡಿಕೋ.

ಇನ್ನೊಂದು ಕೇಳಬೇಕಿತ್ತು. ನಾಟಕದಲ್ಲಿ ಕೊನೆ ಒಂದೇ ಇಲ್ಲ. ಒಂದರಲ್ಲಿ ನಾಗಪ್ಪ ರಾಣಿಯ ಕೂದಲಿಗೆ ಸುತ್ತಿಕೊಂಡು ಸಾಯುತ್ತಾನೆ, ಇನ್ನೊಂದರಲ್ಲಿ ಬದುಕಿ ಅವಳ ಕೂದಲಲ್ಲೇ ಅಡಗಿ ಉಳಿಯುತ್ತಾನೆ. ನನ್ನ ಓಟು ಎರಡನೆಯದಕ್ಕೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕಿಕೊಳ್ಳುವಾಗ ಅವಳಿಗಷ್ಟೇ ಗೊತ್ತಿರುವ ಗುಟ್ಟು ಒಂದಿರಲಿ. ನಿನ್ನದು ಯಾವುದಕ್ಕೆ, ಯಾಕೆ ಅಂತ ಬರೆ. ಪುಸ್ತಕ ನನ್ನ ಕಪಾಟಿನಲ್ಲಿದೆ. ಕೊಬ್ಬರಿ ಸುಲಿದು ಅರಸೀಕೆರೆಗೋ ತಿಪಟೂರಿಗೋ ಹಾಕುವ ಹೊತ್ತಿಗೆ ಬಂದರೆ ಕೆಲಸಕ್ಕೆ ಒಬ್ಬ ಆಳೂ ಆದ ಹಾಗಾಯಿತು, ಓದಿಕೊಂಡೂ ಹೋಗುವೆಯಂತೆ.

ಇಂತಿ ನಿನ್ನ ಅಜ್ಜಿ