ಮಾಂಸ ನೆನೆಸಿದ ಉಪ್ಪುನೀರು ಎರಡನೇ ಸಲಕ್ಕೆ ಬೇಡ

ನಮ್ಮ ಬಯಲುಸೀಮೆಯಲ್ಲಿ ಯುಗಾದಿ ಮರುದಿನ ಹೊಸತೊಡಕು. ಅವತ್ತು ಕೋಳಿಯನ್ನೋ ಬಾಡನ್ನೋ ಉಪ್ಪು, ಅರಿಶಿನದ ನೀರಲ್ಲಿ ನೆನೆಸಿಡುವವರು ಬಹಳ. ಒಂದು ಕೋಳಿ ತೆಗೆದ ಮೇಲೆ ಅದೇ ನೀರಿಗೆ ಇನ್ನೊಂದು ಹಾಕಬಹುದಾ? ಮಾವಿನಕಾಯಿಯ ಉಪ್ಪುನೀರು ಉಪ್ಪಿನಕಾಯಿಗೆ ಆಗುತ್ತಲ್ಲ ಅಂತ ಕೆಲವರು ಕೇಳ್ತಾರೆ. ಎರಡೂ ಒಂದೇ ಅಲ್ಲ.

ಮಾವಿನಕಾಯಿ ನೀರಲ್ಲಿ ಉಪ್ಪು ಜಾಸ್ತಿ, ಜೊತೆಗೆ ಹುಳಿಯೂ ಇರುತ್ತೆ. ಮಾಂಸಕ್ಕೆ ನಾವು ಹಾಕೋದು ಲೀಟರಿಗೆ 50-60 ಗ್ರಾಂ. ಇಷ್ಟು ಉಪ್ಪಿಗೆ ಹಸಿ ಕೋಳಿಯ ಸಾಲ್ಮೊನೆಲ್ಲಾ ರೋಗಾಣು ಸಾಯೋದಿಲ್ಲ. ಮಾಂಸ ಉಪ್ಪನ್ನು ಎಳೆದುಕೊಂಡು ರಕ್ತ, ರಸ ಬಿಡುತ್ತೆ. ಎರಡನೇ ಸಲಕ್ಕೆ ನೀರಲ್ಲಿ ಉಪ್ಪು ಕಡಿಮೆ, ರೋಗಾಣುಗಳಿಗೆ ಊಟ ಜಾಸ್ತಿ.

ಕುದಿಸಿದರೆ ಸಾಲದಾ? ಕುದಿಸಿದರೆ ರೋಗಾಣು ಸಾಯುತ್ತೆ. ಆದರೆ ಸ್ಟೆಫೈಲೋಕಾಕಸ್ ಎಂಬುದು ಬೆಳೆದು ವಿಷ ಬಿಟ್ಟಿದ್ದರೆ ಆ ವಿಷ ಕುದಿಸಿದರೂ ಹೋಗೋದಿಲ್ಲ. ಇಂಗ್ಲೆಂಡಿನ ವಿಲ್ಟ್‌ಷೈರ್ ಪದ್ಧತಿಯ ಹಂದಿಮಾಂಸದ ಕಾರ್ಖಾನೆಗಳಲ್ಲಿ ಒಂದೇ ಉಪ್ಪುನೀರನ್ನು ಮತ್ತೆ ಮತ್ತೆ ಬಳಸ್ತಾರೆ ನಿಜ. ಅಲ್ಲಿ ಉಪ್ಪು ಎಷ್ಟಿದೆ ಎಂದು ಅಳೆದು, ನೀರನ್ನು ಪರೀಕ್ಷೆ ಮಾಡ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದಾಗದು.

ಉಪ್ಪು ಉಳಿಸೋಕೆ ದಾರಿ ಇದೆ. ನಮ್ಮ ಮನೆಯಲ್ಲಿ ಹೀಗೆ ಮಾಡ್ತೀವಿ:

1. ಉಪ್ಪುನೀರು ಒಟ್ಟಿಗೆ ಕಲಸಿಡಿ. ಪ್ರತಿ ಸಲ ಬೇಕಾದಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಮಾಂಸ ಮುಟ್ಟದ ನೀರು ಮುಂದಿನ ಸರದಿಗೆ ಆಗುತ್ತೆ.

2. ಪಾತ್ರೆ ಸ್ಟೀಲು ಅಥವಾ ಪಿಂಗಾಣಿಯದಿರಲಿ. ಅಲ್ಯೂಮಿನಿಯಂ ಬೇಡ.

3. ಹೆಚ್ಚು ಹೊತ್ತು ನೆನೆಸಬೇಕಾದರೆ ಫ್ರಿಜ್ಜಲ್ಲಿ, 4 ಡಿಗ್ರಿಯೊಳಗೆ. ಫ್ರಿಜ್ ಇಲ್ಲದಿದ್ದರೆ ಎರಡು ಗಂಟೆಯೊಳಗೆ ಒಲೆಗೆ ಏರಿಸಿ. 32 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಂದೇ ಗಂಟೆ.

4. ಕೈ, ಚಾಕು, ಮಣೆ ಸೋಪು ಹಾಕಿ ತೊಳೆದ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿ.

ಬಳಸಿದ ನೀರನ್ನು ಕೋಳಿ, ನಾಯಿಗೆ ಇಡಬೇಡಿ. ಕೋಳಿಗೆ ಹೆಚ್ಚು ಉಪ್ಪು ವಿಷ. ತಿಪ್ಪೆಗೂ ಗಿಡದ ಬುಡಕ್ಕೂ ಬೇಡ. ಮಳೆ ಕಡಿಮೆ ಇರುವ ನಮ್ಮ ಹೊಲದಲ್ಲಿ ಉಪ್ಪು ತೊಳೆದು ಹೋಗದೆ ಮಣ್ಣಲ್ಲೇ ನಿಲ್ಲುತ್ತೆ. ಬಚ್ಚಲಿಗೆ ಸುರಿದು ಧಾರಾಳ ನೀರು ಬಿಡಿ. ಬಚ್ಚಲ ನೀರು ಗಿಡಕ್ಕೆ ಹೋಗುವಂತಿದ್ದರೆ ಬಾವಿ, ಬೋರಿನಿಂದ ದೂರ ಗುಂಡಿ ತೆಗೆದು ಸುರಿದು ಮುಚ್ಚಿ.

ಹೊಸತೊಡಕಿನ ಬೆನ್ನಿಗೇ ಮುಂಗಾರಿನ ಉಳುಮೆ ಶುರು. ಮನೆಮಂದಿಗೆ ವಾಂತಿಭೇದಿ ಹಿಡಿದರೆ ಹದ ಕೈತಪ್ಪುತ್ತೆ. ಮಕ್ಕಳು, ಬಸುರಿಯರು, ವಯಸ್ಸಾದವರಿಗಂತೂ ಜೀವಕ್ಕೇ ಕುತ್ತು. ಒಂದು ಹಿಡಿ ಉಪ್ಪು ಉಳಿಸೋಕೆ ಹೋಗಿ ಇಷ್ಟೆಲ್ಲ ಕಳೆದುಕೊಳ್ಳೋದು ಯಾವ ಲೆಕ್ಕ?