ಸಂಶೋಧನೆಯ ಬೀಜ

ರೋಗಿಗೆ ಔಷಧ ಕೊಡುವುದು ವೈದ್ಯನ ಕರ್ತವ್ಯ. ಆ ಔಷಧವು ನಿಜವಾಗಿಯೂ ಪ್ರಾಣವನ್ನು ಉಳಿಸುತ್ತದೆಯೇ, ಅದಕ್ಕಿಂತ ಮೇಲಾದುದು ಇದೆಯೇ ಎಂದು ಪರೀಕ್ಷಿಸುವುದು ಸಂಶೋಧಕನ ಕರ್ತವ್ಯ. ಈ ಎರಡು ಕಾರ್ಯಗಳೂ ಕೂಡಿ ನಡೆಯಲು ವಿಶ್ವವಿದ್ಯಾನಿಲಯವು ತಕ್ಕ ಸ್ಥಳ. ಹಣವಿದ್ದರೆ ಕಟ್ಟಡವನ್ನು ಎರಡು ವರ್ಷಗಳಲ್ಲಿ ಎಬ್ಬಿಸಬಹುದು. ಸಂಶೋಧಕರ ಪರಂಪರೆ ಬೆಳೆಯಲು ತಲೆಮಾರುಗಳೇ ಬೇಕು. ಥಾಯ್ಲೆಂಡಿನ ಮಹಿದೋಲ್ ವಿಶ್ವವಿದ್ಯಾನಿಲಯದ ಇತಿಹಾಸ ಇದಕ್ಕೆ ನಿದರ್ಶನವಾಗಿದೆ.

ಥಾಯ್ಲೆಂಡನ್ನು ಹಿಂದೆ ಸಯಾಂ ಎಂದು ಕರೆಯುತ್ತಿದ್ದರು. ಅಲ್ಲಿನ ದೊರೆ ಚುಲಾಲೋಂಗ್‌ಕೋರ್ನನ ಮಗನಾದ ಮಹಿದೋಲನು 1892ರಲ್ಲಿ ಜನಿಸಿದನು. ಜರ್ಮನಿಯಲ್ಲಿ ನೌಕಾಶಿಕ್ಷಣ ಪಡೆದಿದ್ದರೂ ಅವನ ಮನಸ್ಸು ಜನರ ಆರೋಗ್ಯದ ಕಡೆಗೆ ಒಲಿಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ 1928ರಲ್ಲಿ ವೈದ್ಯ ಪದವಿ ಪಡೆದನು. ಬ್ಯಾಂಕಾಕಿನಲ್ಲಿ 1888ರಲ್ಲಿ ಸ್ಥಾಪನೆಯಾಗಿದ್ದ ಸಿರಿರಾಜ್ ಆಸ್ಪತ್ರೆಯ ವೈದ್ಯ ಶಿಕ್ಷಣವನ್ನು ಉತ್ತಮಗೊಳಿಸಲು ಅವನು ರಾಕ್‌ಫೆಲರ್ ಪ್ರತಿಷ್ಠಾನದೊಡನೆ ಮಾತುಕತೆ ನಡೆಸಿ ನೆರವು ತಂದನು. ತನ್ನ ಸ್ವಂತ ಹಣದಿಂದ ವಿದ್ಯಾರ್ಥಿವೇತನಗಳನ್ನಿತ್ತು ತರುಣರನ್ನು ವಿದೇಶಗಳಿಗೆ ಕಳುಹಿಸಿದನು. ಕಲಿತವರು ಮರಳಿ ಬಂದು ಇತರರಿಗೆ ಕಲಿಸಬೇಕೆಂಬುದೇ ಅವನ ಆಶಯವಾಗಿತ್ತು. ರಾಜಕುಮಾರನಾಗಿದ್ದೂ ಚಿಯಾಂಗ್ ಮಾಯ್ ನಗರದ ಆಸ್ಪತ್ರೆಯೊಂದರಲ್ಲಿ ಸಾಮಾನ್ಯ ವೈದ್ಯನಂತೆ ಕೆಲವು ವಾರ ದುಡಿದನು. 1929ರಲ್ಲಿ, ಕೇವಲ ಮೂವತ್ತೇಳನೆಯ ವಯಸ್ಸಿನಲ್ಲಿ, ರೋಗಕ್ಕೆ ತುತ್ತಾಗಿ ತೀರಿಕೊಂಡನು.

ಆದರೆ ಅವನು ಬಿತ್ತಿದ ಬೀಜ ಸಾಯಲಿಲ್ಲ. 1943ರಲ್ಲಿ ಅಲ್ಲಿ ವೈದ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಆರಂಭವಾಯಿತು. 1960ರಲ್ಲಿ ಉಷ್ಣವಲಯದ ರೋಗಗಳ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. 1969ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಮಹಿದೋಲನ ಹೆಸರನ್ನೇ ಇಟ್ಟರು. ಮುಂದೆ 1979ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಹಯೋಗದಿಂದ ಒಂದು ಸಂಶೋಧನಾ ಘಟಕವೂ ಅಲ್ಲಿ ನೆಲೆಗೊಂಡಿತು.

ಈ ಘಟಕದ ಮುಂದೆ ಒಂದು ಗಂಭೀರ ಪ್ರಶ್ನೆಯಿತ್ತು. ಮಲೇರಿಯ ಉಲ್ಬಣಿಸಿ ಪ್ರಜ್ಞೆ ತಪ್ಪಿದ ರೋಗಿಗೆ ಬಹುಕಾಲದಿಂದ ಕ್ವಿನೈನ್ ಕೊಡುತ್ತಿದ್ದರು. ಆದರೂ ಅನೇಕರು ಸಾಯುತ್ತಿದ್ದರು. ಚೀನಾದಲ್ಲಿ ಒಂದು ಗಿಡದಿಂದ ದೊರೆತ ದ್ರವ್ಯದ ಮೂಲಕ ಆರ್ಟೆಸುನೇಟ್ ಎಂಬ ಹೊಸ ಔಷಧ ಸಿದ್ಧವಾಗಿತ್ತು. ಇವೆರಡರಲ್ಲಿ ಯಾವುದು ಮೇಲು? ಇದನ್ನು ಊಹೆಯಿಂದ ನಿರ್ಧರಿಸುವಂತಿರಲಿಲ್ಲ. ಬಾಂಗ್ಲಾದೇಶ, ಭಾರತ, ಇಂಡೋನೇಷ್ಯ ಮತ್ತು ಮ್ಯಾನ್ಮಾರ್ ದೇಶಗಳ ಆಸ್ಪತ್ರೆಗಳಲ್ಲಿ 1,461 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕ್ವಿನೈನನ್ನೂ ಇನ್ನೊಂದಕ್ಕೆ ಆರ್ಟೆಸುನೇಟನ್ನೂ ಕೊಟ್ಟರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ಸತ್ತಿದ್ದರು. ಆರ್ಟೆಸುನೇಟ್ ಪಡೆದವರಲ್ಲಿ 15 ಮಂದಿ. ನೂರಕ್ಕೆ ಏಳು ಜೀವಗಳು! ಆಫ್ರಿಕದ 5,425 ಮಕ್ಕಳಲ್ಲಿ ನಡೆಸಿದ ಪರೀಕ್ಷೆಯೂ 2010ರಲ್ಲಿ ಇದನ್ನೇ ಸಮರ್ಥಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಲಹೆಯನ್ನು ಬದಲಾಯಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಶ್ಚಿಮ ಕಾಂಬೋಡಿಯದಲ್ಲಿ ರೋಗಾಣುಗಳು ಈ ಹೊಸ ಔಷಧಕ್ಕೂ ಬೇಗನೆ ಮಣಿಯುತ್ತಿಲ್ಲವೆಂಬ ಎಚ್ಚರಿಕೆಯನ್ನು 2009ರಲ್ಲಿ ಇದೇ ಘಟಕದ ಸಂಶೋಧಕರು ಜಗತ್ತಿಗೆ ನೀಡಿದರು. ರೋಗವಿರುವ ನೆರೆಯಲ್ಲಿಯೇ ಅದನ್ನು ಅರಿಯಬಲ್ಲವರು ಇದ್ದುದರಿಂದಲೇ ಈ ಅಪಾಯ ಬೇಗನೆ ತಿಳಿಯಿತು.

ಬೀಜ ಬಿತ್ತಿದ ರಾಜಕುಮಾರನಿಗೆ ಮರದ ನೆರಳನ್ನು ಕಾಣುವ ಭಾಗ್ಯವಿರಲಿಲ್ಲ. ಅವನು ಹೆಸರನ್ನೂ ಕೇಳದಿದ್ದ ಊರುಗಳ ರೋಗಿಗಳು ಆ ನೆರಳಿನಲ್ಲಿ ಜೀವ ಉಳಿಸಿಕೊಂಡರು. ವಿದ್ಯೆಗಾಗಿ ಮಾಡಿದ ವೆಚ್ಚದ ಫಲವನ್ನು ಅಳೆಯುವಾಗ ಈ ಮಾತನ್ನು ನಾವು ಮರೆಯಬಾರದು.