ತಕ್ಕಡಿ ಯಾರ ಕೈಯಲ್ಲಿತ್ತು ಅಂತ ಕೇಳು

ನಿನ್ನ ಬುದ್ಧಿಗೇನೂ ಕೊರತೆಯಿಲ್ಲ ಮಗೂ, ತಾಳ್ಮೆ ಸ್ವಲ್ಪ ಸಾಲದು. ‘ಬ್ರಿಟಿಷರು ಬಂದರು, ದೋಚಿದರು, ನಾವು ಎದ್ದು ನಿಂತೆವು, ಅವರು ಗಂಟುಮೂಟೆ ಕಟ್ಟಿದರು’ ಎಂದು ಇನ್ನೂರು ವರ್ಷಗಳನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತೀ. ನಿನ್ನ ಗೆಳೆಯ ಸುಮ್ಮನಿರುವವನೇ? ‘ರೈಲು ತಂದವರು ಯಾರು, ಗಿರಣಿ ತಂದವರು ಯಾರು’ ಎಂದು ಮೇಲೆ ಬೀಳುತ್ತಾನೆ. ನಡುರಾತ್ರಿವರೆಗೆ ಮೊಬೈಲಿನಲ್ಲಿ ಜಗಳ. ಬೆಳಗಾದರೆ ಇಬ್ಬರಿಗೂ ಕಣ್ಣು ಕೆಂಪು, ತಿಳಿವಳಿಕೆ ಮಾತ್ರ ನಿನ್ನೆ ಎಷ್ಟಿತ್ತೋ ಅಷ್ಟೇ.

ಈಗ ನನ್ನ ಮಾತು ಕೇಳು. ಸಾಮ್ರಾಜ್ಯ, ಕೈಗಾರಿಕಾ ಕ್ರಾಂತಿ, ಸ್ವಾತಂತ್ರ್ಯ ಚಳವಳಿ ಇವೆಲ್ಲ ದೊಡ್ಡ ಮಾತುಗಳು. ಮೊದಲು ಒಂದು ಸಣ್ಣ ಸರಕು ಹಿಡಿ. ಅದು ಯಾವ ಹೊಲದಿಂದ ಹೊರಟಿತು, ಯಾರ್ಯಾರ ಕೈ ದಾಟಿತು, ಒಂದೊಂದು ಕಡೆಯೂ ತಕ್ಕಡಿ ಹಿಡಿದವರು ಯಾರು, ದರ ಕಟ್ಟಿದವರು ಯಾರು ಎಂದು ಕೇಳುತ್ತಾ ಅದರ ಹಿಂದೆಯೇ ನಡೆ. ಅವಸರ ಮಾಡಬೇಡ. ನಮ್ಮ ಧಾರವಾಡ ಸೀಮೆಯವರಿಗೆ ಹತ್ತಿಗಿಂತ ಒಳ್ಳೆಯ ಸರಕು ಬೇರೆ ಬೇಕಿಲ್ಲ.

ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ನೂಲುವ ಯಂತ್ರ ಬಂತು, ಅದಕ್ಕೆ ಉಗಿ ಬಂತು, ಮ್ಯಾಂಚೆಸ್ಟರ್ ಸುತ್ತ ಗಿರಣಿಗಳ ಸಾಲು ಎದ್ದಿತು. ಆದರೆ ಆ ನೆಲದಲ್ಲಿ ಒಂದು ಹಿಡಿ ಹತ್ತಿಯೂ ಬೆಳೆಯುವುದಿಲ್ಲ. ಬೇಕಾದದ್ದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರುತ್ತಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ಬೆವರಿನಿಂದ. 1860ರ ಹೊತ್ತಿಗೆ ಆ ದೇಶದಲ್ಲಿ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ. ಯಂತ್ರ ಕಂಡುಹಿಡಿದ ಜಾಣರ ಹೆಸರು ನಿನ್ನ ಪಠ್ಯಪುಸ್ತಕದಲ್ಲಿದೆ. ಹತ್ತಿ ಬಿಡಿಸಿದ ಕೈಗಳ ಹೆಸರು ಒಂದೂ ಇಲ್ಲ. ಓದುವಾಗ ಇದನ್ನು ನೆನಪಿಟ್ಟುಕೋ.

ಒಂದೇ ಅಂಗಡಿಯನ್ನು ನಂಬಿ ಕೂತವನಿಗೆ ಒಳಗೊಳಗೇ ಪುಕುಪುಕು ಇದ್ದೇ ಇರುತ್ತದೆ. ಲ್ಯಾಂಕಾಶೈರಿನವರಿಗೂ ಇತ್ತು. ಅದಕ್ಕೇ ಕಂಪನಿ ಸರ್ಕಾರ 1840ರಲ್ಲಿ ಅಮೆರಿಕದಿಂದಲೇ ಹತ್ತಿ ಬೆಳೆಗಾರರನ್ನು ಕರೆಸಿ ಹಿಂದೂಸ್ತಾನದಲ್ಲಿ ಅಲ್ಲಲ್ಲಿ ಅವರ ಬೀಜ ಹಾಕಿಸಿ ನೋಡಿತು. ಬಹಳ ಕಡೆ ಕೈಕೊಟ್ಟಿತು, ನಮ್ಮ ಎರೆ ಹೊಲದಲ್ಲಿ ಹತ್ತಿಕೊಂಡಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಲಿವರ್‌ಪೂಲ್ ಪೇಟೆಯವರೆಗೂ ಹೋಯಿತು. ಹಾಗಂತ ನಮ್ಮ ರೈತ ಜವಾರಿ ಹತ್ತಿ ಬಿಟ್ಟನೇ? ಇಲ್ಲ. ಅದನ್ನೂ ಬಿತ್ತಿದ, ಇದನ್ನೂ ಬಿತ್ತಿದ. ಹೊಸದರ ರುಚಿ ನೋಡಬೇಕು, ಹಳೆಯದರ ಬೀಜ ಮನೆಯಲ್ಲಿರಬೇಕು ಎನ್ನುವುದು ಮಳೆ ನಂಬಿ ಬದುಕುವವನ ವಿವೇಕ. ದೊರೆಗಳಿಗೆ ಅದು ಹಟಮಾರಿತನವಾಗಿ ಕಂಡಿತು. ಹೊಸ ಫೋನು ಬಂದ ದಿನವೇ ಹಳೆಯದನ್ನು ಮಾರಿಬಿಡುವ ನಿನಗೂ ಹಾಗೇ ಕಾಣಬಹುದು.

ಜವಾರಿ ಹತ್ತಿಯ ಬೀಜ ಬಿಡಿಸುತ್ತಿದ್ದದ್ದು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಬೇಕು. ಬೀಜ ಮುಂದೆ ಜಾರುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ದಿನವಿಡೀ ಕೂತರೂ ಕೈಗೆ ಬರುವುದು ಸ್ವಲ್ಪವೇ, ಆದರೆ ಎಳೆ ಹರಿಯುವುದಿಲ್ಲ. ಅಮೆರಿಕನ್ ಹತ್ತಿಯ ಬೀಜ ಅರಳೆಯನ್ನು ಕಚ್ಚಿ ಹಿಡಿಯುತ್ತದೆ, ಅದಕ್ಕೆ ಗರಗಸದ ಹಲ್ಲಿನ ಜಿನ್ ಬೇಕಾಯಿತು. ಕೆಲಸ ಸರಸರ ಆಯಿತು ನಿಜ, ಹಲ್ಲು ಕೆಟ್ಟರೆ ಎಳೆಯೂ ತುಂಡುತುಂಡು. ಕಲ್ಲಿನ ಮುಂದೆ ಕೂತ ಹೆಂಗಸಿನ ಕೂಲಿ ಏನಾಯಿತು ಎಂದು ಲೆಕ್ಕ ಬರೆದವರು ಕಡಿಮೆ.

ಈ ಹತ್ತಿ ಗಾಡಿ ಏರಿ, ಎತ್ತಿನ ಬೆನ್ನೇರಿ, ಘಟ್ಟ ಇಳಿದು ಕುಮಟೆಗೆ ಹೋಗಿ ಹಡಗು ಹತ್ತಬೇಕಿತ್ತು. ಹುಬ್ಬಳ್ಳಿಗೆ ರೈಲು ಬಂದದ್ದು ಎಷ್ಟೋ ತಡವಾಗಿ, 1880ರ ದಶಕದಲ್ಲಿ. ಮ್ಯಾಂಚೆಸ್ಟರಿನವರು 1857ರಲ್ಲಿ ಹತ್ತಿ ಪೂರೈಕೆಗೆಂದೇ ಒಂದು ಸಂಘ ಕಟ್ಟಿಕೊಂಡು, ಕಾರವಾರದ ಬಂದರು ಬೆಳೆಸಿ, ಘಟ್ಟದಲ್ಲಿ ರಸ್ತೆ ಮಾಡಿಸಿ ಎಂದು ಸರ್ಕಾರದ ಬೆನ್ನು ಬಿದ್ದರು. ಬಂದರು ಮದ್ರಾಸಿಗೆ ಸೇರಿತ್ತು, ಹತ್ತಿಯ ಹೊಲ ಮುಂಬಯಿಗೆ ಸೇರಿತ್ತು. ಪರಿಹಾರವೇನು ಗೊತ್ತೇ? 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಅತ್ತ, ಉತ್ತರ ಕನ್ನಡ ಇತ್ತ. ಮತ್ತೆ ಎರಡೂ ಒಂದೇ ರಾಜ್ಯದಲ್ಲಿ ಕೂಡಲು 1956 ಬರಬೇಕಾಯಿತು. ಸಾಮ್ರಾಜ್ಯ ಎಂದರೆ ಏನು ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಗುಂಡಿಲ್ಲ, ಕತ್ತಿಯಿಲ್ಲ. ಸಾವಿರಾರು ಮೈಲಿ ಆಚೆಯ ಗಿರಣಿಗೆ ಅನುಕೂಲವಾಗಲಿ ಎಂದು ಒಂದು ಕಾಗದದಲ್ಲಿ ಜಿಲ್ಲೆಯ ಗಡಿ ಬದಲಾಗುತ್ತದೆ, ಅಲ್ಲಿಯ ಜನರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಇಷ್ಟಾಗಿಯೂ ಕಾರವಾರ ಅವರು ಅಂದುಕೊಂಡಷ್ಟು ದೊಡ್ಡ ಹತ್ತಿ ಬಂದರು ಆಗಲೇ ಇಲ್ಲ.

ಅಷ್ಟರಲ್ಲಿ, 1861ರ ಏಪ್ರಿಲಿನಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಧ್ಯಕ್ಷ ಲಿಂಕನ್ನರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ನಿಂತವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ದಾನದ ರೊಟ್ಟಿಗೆ ಕೈಚಾಚಿದ್ದರು. ಇಲ್ಲಿ ಸ್ವಲ್ಪ ನಿಲ್ಲು. ‘ಬ್ರಿಟಿಷರು’ ಎಂದು ನೀನು ಒಂದೇ ಗಂಟು ಕಟ್ಟುತ್ತೀಯಲ್ಲ, ಆ ಗಂಟಿನೊಳಗೆ ಇವರೂ ಇದ್ದಾರೆ. ಆ ವರ್ಷದ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕಾರ್ಮಿಕರು ಸಭೆ ಸೇರಿದರು. ಗುಲಾಮಗಿರಿ ಹೋಗಲಿ, ನಾವು ನಿಮ್ಮ ಜೊತೆಗಿದ್ದೇವೆ ಎಂದು ಲಿಂಕನ್ನರಿಗೆ ಪತ್ರ ಬರೆದರು. ಲಿಂಕನ್ನರು 1863ರ ಜನವರಿ 19ರಂದು ಉತ್ತರ ಬರೆದರು. ಹೊಟ್ಟೆ ತುಂಬಿದಾಗ ನ್ಯಾಯ ಮಾತಾಡುವುದು ಎಲ್ಲರಿಗೂ ಬರುತ್ತದೆ ಕೂಸೇ. ಒಲೆ ಹೊತ್ತದ ಮನೆಯಿಂದ ಬಂದು, ಮುಖ ನೋಡದ ಗುಲಾಮರ ಪರ ಕೈಯೆತ್ತಿದವರು ಇವರು. ಈ ಮಾತು ಬರೆಯುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಎಲ್ಲರೂ ಹಾಗಿರಲಿಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ಲಿವರ್‌ಪೂಲಿನ ವ್ಯಾಪಾರಿಗಳಲ್ಲಿ ಬಹಳ ಮಂದಿಯ ಒಲವು ದಕ್ಷಿಣದ ಕಡೆಗೇ. ಸ್ಟೇಲಿಬ್ರಿಜ್ ಊರಿನಲ್ಲಿ 1863ರ ಮಾರ್ಚಿನಲ್ಲಿ, ಪರಿಹಾರವನ್ನು ದುಡ್ಡಿನ ಬದಲು ಚೀಟಿಯಲ್ಲಿ ಕೊಡುತ್ತೇವೆ ಎಂದಾಗ ಜನ ರೊಚ್ಚಿಗೆದ್ದು ಅಂಗಡಿಗಳಿಗೆ ನುಗ್ಗಿದರು. ಹಸಿದವರಿಗೂ ಮಾನವಿರುತ್ತದೆ.

ಅಲ್ಲಿ ಹಸಿವು, ಇಲ್ಲಿ ಹಬ್ಬ. ನಮ್ಮ ಹತ್ತಿಯ ದರ ಮೂರು ಪಟ್ಟಾಯಿತು, ಅದನ್ನೂ ಮೀರಿತು. ಕೈಯಲ್ಲಿ ದುಡ್ಡು ಕುಣಿಯತೊಡಗಿದರೆ ಮನುಷ್ಯನ ಬುದ್ಧಿ ಎಲ್ಲಿ ಹೋಗುತ್ತದೆ ನೋಡು. ನಮ್ಮವರೂ ಅರಳೆಗೆ ನೀರು ಚಿಮುಕಿಸಿದರು, ಬೀಜ ಸೇರಿಸಿದರು, ಕಸ ಬೆರೆಸಿದರು, ಒಳ್ಳೆಯದರ ನಡುವೆ ಹಳೆಯ ಹತ್ತಿ ತುರುಕಿದರು. ರೈತ ಮಾಡಿದ್ದೆಷ್ಟು, ದಲಾಲಿ ಮಾಡಿದ್ದೆಷ್ಟು ಎಂದು ಈಗ ಬೇರ್ಪಡಿಸಲಾಗದು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಕಾಯ್ದೆ ಮಾಡಬೇಕಾಯಿತು. ನಮ್ಮವರು ಎಂದ ಮಾತ್ರಕ್ಕೆ ಇದನ್ನು ಮುಚ್ಚಿಡಬೇಡ. ನಮ್ಮ ತಪ್ಪು ನಾವೇ ಹೇಳಿದರೆ, ಅವರ ತಪ್ಪು ಹೇಳುವಾಗ ನಮ್ಮ ಮಾತಿಗೆ ತೂಕವಿರುತ್ತದೆ.

ಮುಂಬಯಿಯಲ್ಲಂತೂ ಹುಚ್ಚೇ ಹಿಡಿಯಿತು. ಹತ್ತಿಯ ದುಡ್ಡು ಷೇರಿಗೆ ಹರಿಯಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿ, ಸಾಲ ಕೊಡುವ ಕಂಪನಿ, ಯಾಕೆಂದು ಯಾರಿಗೂ ಗೊತ್ತಿಲ್ಲದ ಕಂಪನಿ. ಪ್ರೇಮಚಂದ್ ರಾಯಚಂದ್ ಎಂಬ ಸಾಹುಕಾರರ ಕಣ್ಸನ್ನೆಗೆ ಷೇರು ಏರುತ್ತಿತ್ತು, ಇಳಿಯುತ್ತಿತ್ತು. 1865ರ ಏಪ್ರಿಲಿನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದರು, ಯುದ್ಧ ಮುಗಿಯಿತು. ಹತ್ತಿಯ ದರ ಬಿತ್ತು. ಜುಲೈ 1ರಂದು ವಾಯಿದೆ ವ್ಯವಹಾರ ಚುಕ್ತಾ ಮಾಡುವ ದಿನ ಬಂದಾಗ ಕೊಡಲು ಯಾರ ಬಳಿಯೂ ದುಡ್ಡಿಲ್ಲ. ಬ್ಯಾಂಕ್ ಆಫ್ ಬಾಂಬೆ ಕೂಡ ಕೊನೆಗೆ ಬಾಗಿಲು ಮುಚ್ಚಿತು. ನೀನು ಸಂಬಳ ಬಂದ ದಿನವೇ ಆಪ್ ತೆರೆದು ಕೂರುವುದು ನನಗೆ ಗೊತ್ತಿದೆ. ಬೇಡ ಅನ್ನುವುದಿಲ್ಲ. ದರ ಯಾಕೆ ಏರುತ್ತಿದೆ ಎಂದು ಒಂದು ಸಲ ಕೇಳಿಕೋ. ಇನ್ನೊಬ್ಬರ ಮನೆಯ ಜಗಳದಿಂದ ಏರಿದ್ದಾದರೆ, ಅವರು ರಾಜಿಯಾದ ದಿನ ನಿನ್ನ ಗತಿಯೇನು?

ಷೇರಿನವರು ದಿವಾಳಿ ಎದ್ದು ಪಾರಾದರು. ರೈತ ಎಲ್ಲಿಗೆ ಹೋಗಬೇಕು? ಒಳ್ಳೆಯ ದರದ ಕಾಲದಲ್ಲಿ ಕೇಳಿದಷ್ಟು ಸಾಲ ಸಿಕ್ಕಿತ್ತು. ದರ ಬಿದ್ದ ಮೇಲೂ ಕಂದಾಯ ಏರಿತು, ಸಾಹುಕಾರ ಬಾಗಿಲು ತಟ್ಟಿದ, ಕೋರ್ಟಿನಲ್ಲಿ ಹೆಬ್ಬೆಟ್ಟಿನ ಪತ್ರಕ್ಕೇ ಬೆಲೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಅಹ್ಮದ್‌ನಗರಕ್ಕೂ ಅದು ಹಬ್ಬಿತು. ಅವರು ಕೇಳಿದ್ದೇನು? ಸಾಲಪತ್ರ. ಕೊಟ್ಟಲ್ಲಿ ಹೆಚ್ಚಾಗಿ ಪತ್ರ ಸುಟ್ಟು ಸುಮ್ಮನಾದರು. ಓದಲು ಬಾರದವರಿಗೂ ತಮ್ಮ ಕುತ್ತಿಗೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಿತ್ತು. ಓದು ಬಂದ ನೀನು, ಪುಟಗಟ್ಟಲೆ ಷರತ್ತು ಬಂದರೆ ಕೆಳಗೆ ಸರಿಸಿ ‘ಒಪ್ಪಿದೆ’ ಒತ್ತುತ್ತೀ.

ಇನ್ನು ನಿನ್ನ ಗೆಳೆಯನ ಗಿರಣಿಯ ಮಾತು. ಮುಂಬಯಿಯಲ್ಲಿ ನಮ್ಮವರೇ ಗಿರಣಿ ಕಟ್ಟಿದರು. ಆಗ ಲ್ಯಾಂಕಾಶೈರಿಗೆ ಹೊಟ್ಟೆ ಉರಿಯಿತು. ಅಲ್ಲಿಯ ಬಟ್ಟೆಯ ಮೇಲಿನ ಆಮದು ಸುಂಕವನ್ನು 1882ರಲ್ಲಿ ತೆಗೆಸಿದರು. ಬೊಕ್ಕಸ ಬರಿದಾಗಿ ಸುಂಕ ಮತ್ತೆ ಬಂತು. 1896ರಲ್ಲಿ ಏನು ಮಾಡಿದರು ಗೊತ್ತೇ? ವಿದೇಶದ ಬಟ್ಟೆಗೆ ಶೇ. 3.5 ಸುಂಕ, ಇಲ್ಲಿಯ ಗಿರಣಿ ಬಟ್ಟೆಗೂ ಅಷ್ಟೇ, ಶೇ. 3.5 ತೆರಿಗೆ. ಆಗಷ್ಟೇ ನಡೆಯಲು ಕಲಿತ ಕೂಸಿಗೂ ಗಟ್ಟಿಮುಟ್ಟಾದ ಜಟ್ಟಿಗೂ ಒಂದೇ ಭಾರ ಹೊರಿಸಿ ಓಡಿಸಿದಂತೆ. ಆ ತೆರಿಗೆ 1925ರ ಕೊನೆಯವರೆಗೂ ನಿಂತಿತು. 1905ರ ಸ್ವದೇಶಿ ಚಳವಳಿಯಲ್ಲಿ ಜನ ವಿದೇಶಿ ಬಟ್ಟೆಗೆ ಬೆಂಕಿ ಹಾಕಿದ್ದು ಬಂಗಾಳ ಒಡೆದ ಸಿಟ್ಟಿಗೆ. ಅದರ ಅಡಿಯಲ್ಲಿ ಈ ಹಳೆಯ ಲೆಕ್ಕವೂ ಇತ್ತು. ಯಾವ ಯಂತ್ರ ಯಾರು ತಂದರು ಎಂದು ಗೆಳೆಯನ ಜೊತೆ ಜಗಳವಾಡುವ ಬದಲು, ತೆರಿಗೆ ಬರೆಯುವ ಲೇಖನಿ ಯಾರ ಕೈಯಲ್ಲಿತ್ತು ಎಂದು ಇಬ್ಬರೂ ಕೂತು ನೋಡಿ.

ಇನ್ನೊಂದು ಸಂಗತಿ ಹೇಳದೆ ನಿನ್ನನ್ನು ಬಿಡುವುದಿಲ್ಲ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಲಂಡನ್ನಿನಲ್ಲೇ ಉಳಿಯಲಿಲ್ಲ. ತಮ್ಮ ವಿದೇಶಿ ಬಟ್ಟೆಯ ಬಹಿಷ್ಕಾರದ ಪೆಟ್ಟು ಎಲ್ಲಿ ಬಿದ್ದಿತ್ತೋ ಅದೇ ಲ್ಯಾಂಕಾಶೈರಿನ ಡಾರ್ವೆನ್ ಊರಿಗೆ ಹೋದರು. ಕೆಲಸ ಕಳೆದುಕೊಂಡವರ ಎದುರು ಕೂತು ಅವರ ಕಷ್ಟ ಕೇಳಿದರು. ನಿಮ್ಮ ಕಷ್ಟಕ್ಕೆ ನನಗೆ ನೋವಿದೆ, ಆದರೆ ನಮ್ಮ ಹಳ್ಳಿಗಳ ಬಡತನ ಇದಕ್ಕಿಂತ ಎಷ್ಟೋ ದೊಡ್ಡದು ಎಂದು ಬಿಚ್ಚಿ ಹೇಳಿದರು. ಬಹಿಷ್ಕಾರ ಕೈಬಿಡುತ್ತೇನೆ ಎಂದು ಪುಸಲಾಯಿಸಲಿಲ್ಲ. ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಬಾಯ್ತುಂಬ ನಗುತ್ತಿರುವ ಚಿತ್ರವನ್ನು ನೀನೂ ನೋಡಿರುತ್ತೀ. ಮುಂದಿನ ಸಲ ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡು. ಯಾರ ಮೇಲೆ ಹೋರಾಟ ಹೂಡಿದ್ದೀಯೋ ಅವರ ಮನೆ ಬಾಗಿಲಿಗೆ ಹೋಗಿ, ಅವರ ಕಣ್ಣು ನೋಡಿ, ನಿನ್ನ ಪಟ್ಟು ಸಡಿಲಿಸದೆ ಮಾತಾಡಬಲ್ಲೆಯಾ? ಹೆಸರಿಲ್ಲದ ಖಾತೆಯಿಂದ ಬೈಯುವುದು ಅದಕ್ಕಿಂತ ಬಹಳ ಸಲೀಸು.

ರಜೆಗೆ ಹುಬ್ಬಳ್ಳಿಗೆ ಬಂದಾಗ ಬೆಂಗೇರಿಗೆ ಹೋಗಿ ಬಾ. ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘ ಅಲ್ಲಿದೆ. ಧಾರವಾಡದ ಹತ್ತಿರ ಗರಗದಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ. ಒಂದು ಕಾಲದಲ್ಲಿ ಲಿವರ್‌ಪೂಲಿಗೆ ಅರಳೆ ಕಳಿಸಿದ ಇದೇ ಸೀಮೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟರು. ಅಗ್ಗದ ಬಾವುಟ ಬೀದಿಬೀದಿಗೆ ಬಂತು. ಸಂಘದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಅಕ್ಕಾ ಎಂದು ಮಾತಾಡಿಸು. ಒಂದು ಲಡಿ ನೂಲಿಗೆ ಕೂಲಿ ಎಷ್ಟು, ಆ ದರ ಗೊತ್ತು ಮಾಡುವವರು ಯಾರು, ಆ ತಿದ್ದುಪಡಿಯ ನಂತರ ಆರ್ಡರ್ ಹೇಗಿದೆ ಎಂದು ಕೇಳು. ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡ. ಫೋಟೋ ಆಮೇಲೆ ತೆಗೆದುಕೊಂಡರಾಯಿತು.